ಕನ್ನಡಿ ಇರುವ ಕ್ಯಾಮರಾ

೨೦೨೪ ನವೆಂಬರ್ ೩, ಭಾನುವಾರ. ಸೂರ್

ಇವತ್ತು ನನಗೆ ಒಂದು ವಸ್ತು ಬೇಕೆನಿಸಿತು. ಬರೆದಿಡುವಂಥ ದೊಡ್ಡ ಸಂಗತಿಯೇನಲ್ಲ. ಆದರೆ ಮೇ ತಿಂಗಳಲ್ಲಿ ನಮ್ಮ ಕೂಸು ಹುಟ್ಟುವ ಮೊದಲೇ ಹೊಟ್ಟೆಯಲ್ಲಿ ತೀರಿಕೊಂಡಾಗಿನಿಂದ ನನಗೆ ಏನೂ ಬೇಕೆನಿಸಿರಲಿಲ್ಲ. ಇವರು ತಂದದ್ದನ್ನು ಬೇಯಿಸುವುದು, ಕಪಾಟಿನಲ್ಲಿ ಮೇಲಿದ್ದ ಬಟ್ಟೆಯನ್ನು ಉಡುವುದು, ಹೀಗೇ ನಡೆದಿತ್ತು.

ಸಂಜೆ ಖಾರಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಗೆ ಹೋಗಿದ್ದೆವು. ಅರಬರ ಈ ಊರಿನಲ್ಲಿ ಸಮುದ್ರ ದಿನಕ್ಕೆರಡು ಸಲ ಮನೆಗಳ ನಡುವೆ ಬಂದು ಹೋಗುತ್ತದೆ. ಅದು ಹೋದಾಗ ಮರದ ಹಡಗುಗಳೆಲ್ಲ ಮರಳಿನ ಮೇಲೆ ಮಗ್ಗುಲಾಗಿ ಮಲಗಿಬಿಡುತ್ತವೆ. ಇವತ್ತು ಒಂದು ಹಳೆಯ ಹಡಗು ಊಟವಾದ ಮೇಲೆ ಅಡ್ಡಾದ ಹೆಂಗಸಿನ ಹಾಗೆ ಒರಗಿಕೊಂಡಿತ್ತು. ಆಚೆ ದಂಡೆಯ ಬಿಳಿ ಮನೆಗಳು ಮಸುಕಿನಲ್ಲಿ ಕರಗಿ, ಎಲ್ಲಿ ನೀರು ಮುಗಿದು ಎಲ್ಲಿ ಗೋಡೆ ಶುರುವಾಗುತ್ತದೆ ತಿಳಿಯದಂತಾಗಿತ್ತು. "ನನಗೊಂದು ಕ್ಯಾಮರಾ ಬೇಕ್ರಿ" ಎಂದೆ. ಬಾಯಿಂದ ಬಂದ ಮೇಲೆಯೇ ನನಗೂ ಅದು ಕೇಳಿಸಿದ್ದು.

ಗ್ಯಾಸ್ ಪ್ಲಾಂಟಿನಲ್ಲಿ ಹಗಲೆಲ್ಲ ಮೀಟರಿನ ಮುಳ್ಳು ಕಾಯುವ ಮನುಷ್ಯ, ಎಂದೂ ಏನನ್ನೂ ಚೆಲ್ಲದವರು, ಕರಕ್ ಚಹಾವನ್ನು ಅಂಗಿಯ ಮೇಲೆ ಸುರಿದುಕೊಂಡರು.

"ಏನಂದಿ, ಉಜ್ವಲಾ?"

"ಕ್ಯಾಮರಾ."

"ಬೇಕಂದಿ ಹೌದಿಲ್ಲೊ? ಬೇಕು ಅಂದಿ!"

ಒರೆಸಿಕೊಳ್ಳಲು ತೆಗೆದರು ಆ ದಸ್ತಿಯನ್ನು. ಊರಿಂದ ನಾನೇ ತಂದ ನೀಲಿ ಚೌಕಳಿಯ ದಸ್ತಿ. ಅದರ ಮೂಲೆಯಲ್ಲಿ ಅಂಗೈಯಗಲ ಕತ್ತರಿಸಿ ಹೋಗಿದೆ. ಪ್ಲಾಂಟಿನಲ್ಲಿ ಯಂತ್ರಕ್ಕೆ ಸಿಕ್ಕಿತು ಅನ್ನುತ್ತಾರೆ. ಯಾವ ಯಂತ್ರ ಇಷ್ಟು ಅಚ್ಚುಕಟ್ಟಾಗಿ ಕತ್ತರಿಸುತ್ತದೆಯೋ! ಎಸೆಯಿರಿ ಅಂದರೆ ಎಸೆಯುವುದಿಲ್ಲ. ಒಗೆದು ಒಗೆದು ನನಗೇ ಬೇಸರ ಬಂದಿದೆ.

ನವೆಂಬರ್ ೬, ಬುಧವಾರ

ನನ್ನನ್ನು ನೋಡಲು ಬಂದಾಗ ಉಪ್ಪಿಟ್ಟು ತಿಂದು ಚಹಾ ಕುಡಿಯುವಷ್ಟರಲ್ಲಿ ಒಪ್ಪಿಬಿಟ್ಟ ಮನುಷ್ಯ, ಒಂದು ಕ್ಯಾಮರಾ ಒಪ್ಪಲು ಮೂರು ದಿನದಿಂದ ಒದ್ದಾಡುತ್ತಿದ್ದಾರೆ. ಬಸ್ಸಿಳಿದು ಬಂದವರೇ ವೀಡಿಯೊ ಹಚ್ಚಿಕೊಂಡು ಕೂರುತ್ತಾರೆ. ಯಾರೋ ಗಡ್ಡದವನು ಇಂಗ್ಲಿಷಿನಲ್ಲಿ ಬಡಬಡಿಸುತ್ತಾನೆ, ಇವರು ತಲೆದೂಗುತ್ತಾರೆ.

"ಎರಡರಾಗ ಒಂದು ಆರಿಸ್ಬೇಕು ನೋಡು. ಮಿರರ್‌ಲೆಸ್ ಬೇಕೋ, ಫುಲ್ ಫ್ರೇಮ್ ಬೇಕೋ?"

"ಯಾವುದು ಚಲೋ ಐತಿ ಅದು."

"ಚಲೋ ಅಂತ ಸುಮ್ಮ ಸುಮ್ಮನ ಇರಂಗಿಲ್ಲ. ನಿನ್ನ ರಿಕ್ವೈರ್ಮೆಂಟ್ ಏನು, ಅದನ್ನ ಮೊದಲ ಹೇಳು. ಏನ್ ಫೋಟೊ ತೆಗೀತಿ?"

ಸಾರಿಗೆ ಒಗ್ಗರಣೆ ಹಾಕಬೇಕಿತ್ತು, ಎದ್ದು ಹೋದೆ.

ನವೆಂಬರ್ ೮, ಶುಕ್ರವಾರ

ರಜೆ. ಇವರ ಶುಕ್ರವಾರದ ನೇಮ ಇವತ್ತೂ ತಪ್ಪಲಿಲ್ಲ. ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಕಪಾಟಿನ ಮೇಲಿಂದ ಹಳೆಯ ಫೋನ್ ಇಳಿಸಿ ಚಾರ್ಜಿಗಿಟ್ಟರು. ಅದರಲ್ಲಿ ಸಿಮ್ ಇಲ್ಲ, ಇಂಟರ್‌ನೆಟ್ ಇಲ್ಲ. ಇರುವುದು ಒಂದೇ ಒಂದು ಫೋಟೊ. ಆಸ್ಪತ್ರೆಯಲ್ಲಿ ಇವರು ತೆಗೆದ, ಕೂಸಿನ ಫೋಟೊ.

ನಾನು ಕೂಸಿನ ಮುಖ ನೋಡಲಿಲ್ಲ. ನೋಡುತ್ತೀರಾ ಎಂದು ನರ್ಸ್ ಕೇಳಿದಾಗ ಗೋಡೆಯ ಕಡೆ ತಿರುಗಿದೆ. ಫೋಟೊ ತೆಗೆದೀನಿ ಎಂದು ಇವರು ಅಂದಾಗ ಮೈಯೆಲ್ಲ ಉರಿದು, "ನನಗ ತೋರಿಸಬ್ಯಾಡ್ರಿ. ಯಾರಿಗೂ ತೋರಿಸಬ್ಯಾಡ್ರಿ. ಅದು ಇನ್ನೊಂದು ಕಡೆ ಹೋಗಬಾರದು" ಎಂದೆ. ಇವರು ಆ ಮಾತನ್ನು ಪ್ಲಾಂಟಿನ ಕಾನೂನಿನ ಹಾಗೆ ಪಾಲಿಸುತ್ತಾರೆ. ಈಗಿನ ಫೋನುಗಳು ತಾವಾಗಿಯೇ ಹಳೆಯ ಚಿತ್ರ ಎತ್ತಿ ತಂದು ಬೆಳಬೆಳಿಗ್ಗೆ ಮುಖಕ್ಕೆ ಹಿಡಿಯುತ್ತವೆ. ನನಗೆ ಹಾಗಾದೀತೆಂದು ಹೊಸ ಫೋನ್ ಕೊಂಡು, ಹಳೆಯದನ್ನು ಮೇಲಿಟ್ಟುಬಿಟ್ಟರು.

ಅಷ್ಟಾದರೂ ಇವರ ಮೇಲೆ ನನಗಿರುವ ಸಿಟ್ಟು ಇಳಿದಿಲ್ಲ. ನಮ್ಮ ಮಠದ ಅಯ್ಯನವರು ಕೂಸಿಗೆಂದು ಒಂದು ಲಿಂಗ ಕೊಟ್ಟು ಕಳಿಸಿದ್ದರು. ಎಂಟನೇ ತಿಂಗಳಲ್ಲಿ ಅದನ್ನು ನನ್ನ ಬೆಳ್ಳಿಯ ಕರಡಿಗೆಯೊಳಗೆ, ನನ್ನ ಲಿಂಗದ ಪಕ್ಕದಲ್ಲೇ ಇಟ್ಟು ಕೊರಳಿಗೆ ಕಟ್ಟಿಕೊಂಡಿದ್ದೆ. ಹುಟ್ಟಿದ ಮೇಲೆ ಅದು ಕೂಸಿನ ಕೊರಳಿಗೆ ಹೋಗಬೇಕು, ನಮ್ಮಲ್ಲಿ ಹಾಗೆ. ಆ ದಿನ ಇವರು ಮಂಚದ ಹತ್ತಿರ ಬಂದು ಕೈ ಚಾಚಿ, "ಕೂಸಿನ ಲಿಂಗ ಕೊಡು" ಎಂದರು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಸ್ಟೋರಿನಲ್ಲಿ ನಟ್ಟು ಬೋಲ್ಟು ಕೇಳುವವರ ಹಾಗೆ ಕೇಳಿದರು. ತೆಗೆದು ಕೊಟ್ಟೆ. ಮಣ್ಣು ಮಾಡಿ ಬಂದರು. ಲಿಂಗ ಏನಾಯಿತು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ನವೆಂಬರ್ ೯, ಶನಿವಾರ

ಸೂಕ್ ಪೇಟೆಯ ಹತ್ತಿರ ಸೇಸಪ್ಪಣ್ಣನ ಸ್ಟುಡಿಯೊ. ಪುತ್ತೂರು ಕಡೆಯವರು. ವೀಸಾ ಫೋಟೊ ತೆಗೆಯುವುದು ಮುಖ್ಯ ಕಸುಬು, ಜೊತೆಗೆ ಕ್ಯಾಮರಾ ಮಾರಾಟ, ಜೊತೆಗೆ ಬಾಯಿ ತುಂಬ ಮಾತು. ಗಾಜಿನ ಪೆಟ್ಟಿಗೆಯ ಮೇಲೆ ಎರಡನ್ನು ಇಟ್ಟರು. ಒಂದು ಹೊಸದು, ಚಿಕ್ಕದು, ಮಿರರ್‌ಲೆಸ್. ಇನ್ನೊಂದು ಯಾರೋ ಊರಿಗೆ ಹೊರಟವರು ಬಿಟ್ಟುಹೋದ ಹಳೆಯದು, ಫುಲ್ ಫ್ರೇಮ್, ರುಬ್ಬುಗುಂಡಿನಷ್ಟು ಭಾರ.

"ಎಂತ ತೆಗೀಲಿಕ್ಕೆ ಅಕ್ಕ? ಹಕ್ಕಿಯಾ, ಸಮುದ್ರವಾ, ಮಕ್ಕಳದ್ದಾ?"

"ಹಕ್ಕಿ" ಎಂದೆ. ಕಾಗೆ ಬಿಟ್ಟರೆ ಇನ್ನೊಂದು ಹಕ್ಕಿ ನನಗೆ ಗೊತ್ತಿಲ್ಲ. ಇವರು ನನ್ನನ್ನೇ ನೋಡಿದರು.

"ಹಾಗಾದ್ರೆ ಕೇಳಿ. ಈ ದೊಡ್ಡದ್ರ ಒಳಗೆ ಒಂದು ಕನ್ನಡಿ ಉಂಟು. ಹೊರಗಿನ ಬೆಳಕು ಅದಕ್ಕೆ ಬಡಿದು ಸೀದಾ ನಿಮ್ಮ ಕಣ್ಣಿಗೆ ಬರ್ತದೆ. ನೀವು ನೋಡುದು ನಿಜದ್ದನ್ನೇ. ಈ ಸಣ್ಣದ್ರಲ್ಲಿ ಕನ್ನಡಿಯೇ ಇಲ್ಲ. ಒಳಗೆ ಒಂದು ಚಿಕ್ಕ ಟಿವಿ ಇದ್ದ ಹಾಗೆ. ಅದು ತೋರಿಸಿದ್ದನ್ನು ನೀವು ನೋಡುದು, ಅಷ್ಟೇ."

ಮೊದಲು ಚಿಕ್ಕದರಲ್ಲಿ ಕಣ್ಣಿಟ್ಟೆ. ಹೊರಗಿನ ರಸ್ತೆ, ಖರ್ಜೂರದ ಮರ, ಬಿಳಿ ನಿಲುವಂಗಿಯ ಮುದುಕ, ಎಲ್ಲ ಬೇರೆ ಯಾರದೋ ಕನಸಿನಲ್ಲಿ ನಡೆಯುತ್ತಿರುವಂತೆ ಕಂಡಿತು. ಹಿತವಾಗಿತ್ತು. ಆಮೇಲೆ ದೊಡ್ಡದನ್ನು ಎತ್ತಿದೆ. ರಸ್ತೆಯಾಚೆ ಒಬ್ಬಳು ಹೆಂಗಸು ಕೂಸನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡಳು. ಕೂಸು ತಿರುಗಿ ಸೀದಾ ನನ್ನ ಕಣ್ಣನ್ನೇ ನೋಡಿತು.

"ಇದು ಭಾರ" ಎಂದು ಕೆಳಗಿಟ್ಟೆ.

"ಭಾರ ಹೌದು. ಮತ್ತೆ ಒಂದು ವಿಷಯ ಉಂಟು. ಗುಂಡಿ ಒತ್ತಿದ ಕೂಡ್ಲೆ ಕನ್ನಡಿ ಮೇಲೆ ಏಳ್ತದೆ. ಆ ಗಳಿಗೆಯಲ್ಲಿ ನಿಮ್ಗೆ ಎಂತದೂ ಕಾಣುದಿಲ್ಲ, ಕಪ್ಪು. ಫೋಟೊ ಆಗುದು ಆಗಲೇ."

ತೆಗೆಯುವವಳಿಗೇ ಕಾಣದ ಫೋಟೊ. ಚೆನ್ನಾಗಿದೆ ವ್ಯಾಪಾರ! ಚಿಕ್ಕದೇ ಇರಲಿ ಎಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡೆ. ಇವರು ಮಾತ್ರ ಇನ್ನೂ ಯೋಚಿಸೋಣ ಎಂದರು.

ನವೆಂಬರ್ ೧೮, ಸೋಮವಾರ

ಇಲ್ಲಿನ ರಾಷ್ಟ್ರೀಯ ದಿನದ ದೀಪಗಳು. ಊರಿಗೆ ಊರೇ ಬಿಳಿ, ಕೆಂಪು, ಹಸಿರು.

ಮಧ್ಯಾಹ್ನದ ನಿದ್ದೆಯಲ್ಲಿ ಖಾರಿಯ ನೀರು ನಮ್ಮ ಪಡಸಾಲೆಗೆ ಬಂದಿತ್ತು. ಚಪ್ಪಲಿಗಳು ತೇಲುತ್ತಿದ್ದವು. ನಾನು ಹೆದರಲಿಲ್ಲ. ಇಳಿಯುತ್ತದೆ ಬಿಡು ಎಂದುಕೊಂಡು ಮೊಣಕಾಲುದ್ದ ನೀರಿನಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದೆ. ಎದ್ದಾಗ ಕೈಯಲ್ಲಿ ಹಿಟ್ಟಿದೆಯೇನೋ ಎಂದು ನೋಡಿಕೊಂಡೆ.

ನವೆಂಬರ್ ೨೩, ಶನಿವಾರ

ಇವತ್ತು ಇಬ್ಬರ ಮಾನವನ್ನೂ ಕಳೆದೆ.

ಸ್ಟುಡಿಯೊದಲ್ಲಿ ಇವರೂ ಸೇಸಪ್ಪಣ್ಣನೂ ಜಗಳಕ್ಕೇ ನಿಂತಿದ್ದರು. ಇವರು ಮಿರರ್‌ಲೆಸ್ ಪಕ್ಷ, ಅವರು ಫುಲ್ ಫ್ರೇಮ್ ಪಕ್ಷ. ಹಳೆಯದನ್ನು ದಾಟಿಸಿಬಿಡುವ ಆತುರ ಅವರಿಗೆ, ಮುಖದಲ್ಲೇ ಕಾಣುತ್ತಿತ್ತು. ನಾನು ನಿನ್ನೆಯೆಲ್ಲ ಕೂತು ಓದಿದ್ದೆ. ಫುಲ್ ಫ್ರೇಮ್ ಅಂದರೆ ಒಳಗೆ ಚಿತ್ರ ಬೀಳುವ ಜಾಗದ ಅಳತೆ, ಅಷ್ಟೇ. ಮಿರರ್‌ಲೆಸ್ ಅಂದರೆ ಕನ್ನಡಿ ಇಲ್ಲದ್ದು. ಒಂದಕ್ಕೂ ಇನ್ನೊಂದಕ್ಕೂ ವೈರವೇ ಇಲ್ಲ. ಎರಡೂ ಒಂದರಲ್ಲೇ ಇರುವ ಕ್ಯಾಮರಾಗಳು ಬೇಕಾದಷ್ಟಿವೆ.

"ನಿಮ್ಮ ಜಗಳ ಹೆಂಗೈತಿ ಗೊತ್ತೇನ್ರಿ? ರೊಟ್ಟಿ ಬೇಕೋ, ದೊಡ್ಡ ತಾಟು ಬೇಕೋ ಅಂತ ಕೇಳಿದಂಗ ಐತಿ" ಎಂದೆ.

ಇವರ ಮುಖ ಸಣ್ಣಗಾಯಿತು. "ಅಂದ್ರ ಇಷ್ಟು ದಿನ ನಾ ಮಾಡಿದ್ದೆಲ್ಲ ದಂಡ?"

ಸೇಸಪ್ಪಣ್ಣ, "ನನಗೆ ಅದು ಗೊತ್ತುಂಟು ಅಕ್ಕ, ಇವರಿಗೆ ಹೇಳಿದ್ರೆ ಗೊಂದಲ ಆಗ್ತದೆ ಅಂತ ಹೇಳಿರ್ಲಿಲ್ಲ" ಎಂದು ಗಾಜು ಒರೆಸತೊಡಗಿದರು. ಎಂಥ ಸುಳ್ಳು! ನಗು ತಡೆಯಲಾಗಲಿಲ್ಲ. ಇವರು ಜಗಳ ಬಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತರು. ಮುಖಕ್ಕೆ ಏನಾದರೂ ಮೆತ್ತಿಕೊಂಡಿದೆಯೇನೋ ಎಂದು ಸೆರಗಿನಿಂದ ಒರೆಸಿಕೊಂಡೆ.

ಉಳಿದದ್ದು ಒಂದೇ ಪ್ರಶ್ನೆ. ಕನ್ನಡಿ ಬೇಕೋ ಬೇಡವೋ. ಬೇಡ ಎಂದೆ. ಇವರು ಇನ್ನೊಮ್ಮೆ ಲೆಕ್ಕ ಹಾಕಬೇಕೆಂದರು, ಕೊಳ್ಳದೆ ಬಂದೆವು.

ನವೆಂಬರ್ ೨೯, ಶುಕ್ರವಾರ

ಹಳೆಯ ಫೋನಿನ ಬೆನ್ನು ಉಬ್ಬಿದೆ. ಬ್ಯಾಟರಿ ಊದಿಕೊಂಡಿದೆಯಂತೆ. ಹಾಗಾದದ್ದನ್ನು ಚಾರ್ಜ್ ಮಾಡಬಾರದು ಎಂದು ಬೇರೆಯವರಿಗೆ ಬೈದು ಹೇಳುವ ಮನುಷ್ಯ ತಾವೇ ಅದನ್ನು ಸ್ಟೀಲಿನ ತಾಟಿನಲ್ಲಿಟ್ಟು, ಬಾಲ್ಕನಿಗೆ ಒಯ್ದು ಚಾರ್ಜಿಗೆ ಹಾಕಿದರು. ತಂತಿ ಚುಚ್ಚುವ ತೂತು ಎಂದೋ ಹಾಳಾಗಿದೆ. ಮೇಲಿಟ್ಟರೆ ಚಾರ್ಜ್ ಆಗುವ ಒಂದು ಬಿಲ್ಲೆಯ ಮೇಲೆ ಅದರ ಜೀವ. ಒಲೆಯ ಮೇಲಿನ ಹಾಲು ಉಕ್ಕೀತೆಂದು ಕಾಯುವವರ ಹಾಗೆ ಮುಂದೆಯೇ ಕುಕ್ಕರಗಾಲಿನಲ್ಲಿ ಕೂತಿದ್ದರು.

"ಇದು ಇನ್ನ ಭಾಳ ದಿನ ಬರಂಗಿಲ್ಲ, ಉಜ್ವಲಾ. ಹೋತಂದ್ರ ಫೋಟೊನೂ ಹೋತು. ಒಂದು ಕಾಪಿ ಮಾಡ್ಲೇನು?"

"ಬ್ಯಾಡ."

"ರಿಪೇರಿಗರ ಕೊಡೂಣೇನು?"

"ಯಾರದೋ ಅಂಗಡ್ಯಾಗ ಯಾರ್‍ಯಾರೋ ತೆರದು ನೋಡೂದು? ಬ್ಯಾಡಂದ್ರ ಬ್ಯಾಡ."

"ಆತು" ಎಂದರು. ಒಂದು ಎದುರು ಮಾತಾದರೂ ಆಡಬಾರದೇ ಈ ಮನುಷ್ಯ? ಆಡಿದ್ದರೆ ನಾನು ಅತ್ತು ಜಗಳ ತೆಗೆದು ಹಗುರಾಗುತ್ತಿದ್ದೆ. ಸುಮ್ಮನೆ ತಾಟಿನ ಮುಂದೆ ಹೋಗಿ ಮತ್ತೆ ಕೂತರು. ಹೋಗಲಿ ಆ ಫೋನ್, ಹೋದರೆ ಒಳ್ಳೆಯದೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಸಂಜೆಯ ತನಕ ಮೂರು ಸಲ ಬಾಲ್ಕನಿಗೆ ಹೋಗಿ ಬಂದೆ, ಒಣಗಿದ ಬಟ್ಟೆ ತರುವ ನೆಪದಲ್ಲಿ.

ಡಿಸೆಂಬರ್ ೫, ಗುರುವಾರ

ಕೆಳಗಿನ ಮನೆಯ ರೆನಿಟಾಕ್ಕ ಮೆಟ್ಟಿಲಲ್ಲಿ ಸಿಕ್ಕರು. ಆ ದಿನ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ನರ್ಸ್ ಅವರೇ. ಕೂಸನ್ನು ತೊಳೆದು ಬಟ್ಟೆ ಸುತ್ತಿದವರು. ಮೇ ತಿಂಗಳಿಂದ ಬಾಗಿಲ ಕಿಂಡಿಯಲ್ಲಿ ನೋಡಿ, ಅವರಿಲ್ಲ ಎಂದಾದ ಮೇಲೆಯೇ ಹೊರಗೆ ಕಾಲಿಡುತ್ತೇನೆ. ಇವತ್ತು ನೋಡಲು ಮರೆತೆ.

"ಕ್ಯಾಮರಾ ತಗೊಳ್ತೀರಂತೆ? ನಿಮ್ಮ ಯಜಮಾನ್ರು ಹೇಳಿದ್ರು. ಎಷ್ಟು ಖುಷಿ ಅವರಿಗೆ!" ಎಂದು ಚೀಲದಿಂದ ಎರಡು ಕಿತ್ತಳೆ ತೆಗೆದು ಕೈಗಿಟ್ಟರು. "ಪಾಪ, ಅವರನ್ನು ನೋಡಿದಾಗೆಲ್ಲ ನನಗೆ ಅವರ ಹೊಲಿಗೆಯೇ ನೆನಪಾಗುದು."

"ಯಾವ ಹೊಲಿಗಿ?"

ನನಗೆ ಗೊತ್ತಿದೆ ಎಂದುಕೊಂಡಿದ್ದರು. ನನ್ನ ಮುಖ ನೋಡಿ ಮೆಟ್ಟಿಲ ಮೇಲೆಯೇ ಕೂತರು, ನನ್ನನ್ನೂ ಕೂರಿಸಿಕೊಂಡರು.

"ಆ ದಿನ ಸೂಜಿ ದಾರ ಕೇಳಿದ್ರು ನನ್ನತ್ರ. ವರಾಂಡದ ಬೆಂಚಲ್ಲಿ ಕೂತು ಎಂತದೋ ಚಿಕ್ಕದು ಹೊಲಿತಿದ್ರು. ಕೈ ಎಷ್ಟು ನಡುಗ್ತಿತ್ತು ಅಂದ್ರೆ, ಸೂಜಿಗೆ ದಾರ ಪೋಣಿಸ್ಲಿಕ್ಕೇ ಆಗ್ಲಿಲ್ಲ. ನಾನೇ ಪೋಣಿಸಿ ಕೊಟ್ಟೆ. ಕೊಡಿ ನಾನು ಹೊಲಿತೇನೆ ಹೇಳಿದೆ. ಇಲ್ಲ ಸಿಸ್ಟರ್, ಇದನ್ನ ನಾನೇ ಮಾಡ್ಬೇಕು ಅಂದ್ರು. ಅಳ್ತಾ ಇದ್ರು. ಆಮೇಲೆ ಮುಖ ತೊಳ್ಕೊಂಡು ನಿಮ್ಮ ರೂಮಿಗೆ ಬಂದ್ರು."

"ಏನ್ ಹೊಲಿದ್ರು?"

"ಅದನ್ನು ನೀವು ಅವರತ್ರವೇ ಕೇಳ್ಬೇಕು, ಉಜ್ವಲಾ."

ಕೇಳಲಿಲ್ಲ. ಅಂಗಿಯ ಗುಂಡಿ ಕಿತ್ತರೆ ಹಚ್ಚಿಕೊಳ್ಳಲು ಬಾರದ ಮನುಷ್ಯ. ಊಟಕ್ಕೆ ಕೂತಾಗ ಅವರ ಕೈಗಳನ್ನೇ ನೋಡಿದೆ. ದಪ್ಪ ಬೆರಳುಗಳು. "ಏನು?" ಎಂದರು. "ಏನಿಲ್ಲ, ಇನ್ನೊಂದು ರೊಟ್ಟಿ ಹಾಕ್ಲಿ?" ಎಂದೆ.

ಡಿಸೆಂಬರ್ ೧೩, ಶುಕ್ರವಾರ

ಫೋನ್ ಮೊದಲ ಸಲ ಹೊತ್ತಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಬೆಳಗಿತು, ಒಂದೆರಡು ನಿಮಿಷ ಇತ್ತು, ಆರಿತು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಇವರ ಬೆನ್ನು ಮಾತ್ರ ಕಾಣುತ್ತಿತ್ತು. ಆರಿದ ಫೋನನ್ನು ತಾಟಿನಲ್ಲಿಡಲು ಹೋದಾಗ ಅದು ತಾಟಿಗೆ ಬಡಿದು ಕಿಣಿಕಿಣಿ ಸದ್ದಾಯಿತು. ಇಷ್ಟು ಶುಕ್ರವಾರ ಈ ಕೈಗಳನ್ನು ನಾನು ನೋಡಿರಲಿಲ್ಲವಲ್ಲ!

"ಇನ್ನೊಂದು ಸಲ ಬಂದ್ರ ಬಂತು. ಇಲ್ಲಂದ್ರ ಇಲ್ಲ" ಎಂದರು, ತಿರುಗದೆ.

"ನಾ ತೆಗೀತೀನ್ರಿ."

"ಏನು?"

"ಅದರದು. ಪರದೆ ಮ್ಯಾಲ ಬಂದಾಗ ಅದರ ಫೋಟೊ ನಾ ತೆಗೀತೀನಿ."

"ನನ್ನ ಹೊಸ ಫೋನಿನಾಗ ಈಗ ತೆಗೀಬಹುದಲ್ಲ" ಎಂದರು ಮೆಲ್ಲಗೆ.

"ಫೋನಿನಾಗ ಬ್ಯಾಡ. ಫೋನು ಚಾಡಿಕೋರ ಇದ್ದಂಗ, ಹೊಟ್ಟ್ಯಾಗ ಏನೂ ಇಟ್ಕೊಳ್ಳಂಗಿಲ್ಲ. ಕ್ಯಾಮರಾದಾಗ ತೆಗೀತೀನಿ. ನಾ ಕಲಿಯೂತನಕ ಅದನ್ನ ಮುಟ್ಟಬ್ಯಾಡ್ರಿ."

ಡಿಸೆಂಬರ್ ೧೪, ಶನಿವಾರ

"ಕನ್ನಡಿ ಇರೂದ ಕೊಡ್ರಿ" ಎಂದೆ.

ಸೇಸಪ್ಪಣ್ಣ ನಂಬಲಿಲ್ಲ. ಇಷ್ಟು ದಿನ ಅದನ್ನು ದಾಟಿಸಲು ಹೆಣಗಿದವರು ಈಗ ಅವರೇ ಹಿಂಜರಿದರು. "ಹಕ್ಕಿಗೆ ಇದು ಭಾರ ಆಗ್ತದೆ ಅಕ್ಕ, ಆಮೇಲೆ ನನಗೆ ಬೈಬೇಡಿ."

"ಹಕ್ಕಿ ಅಲ್ರಿ. ನನ್ನ ಕೂಸು ಹೋತು, ಮೇ ತಿಂಗಳಾಗ. ಅದರದೊಂದು ಫೋಟೊ ಹಳೇ ಫೋನಿನಾಗ ಐತಿ. ಫೋನು ಸಾಯಾಕತ್ತೇತಿ. ಪರದೆ ಮ್ಯಾಲಿಂದ ಅದನ್ನ ತಕ್ಕೋಬೇಕು."

ನಾನು ಇಷ್ಟನ್ನು ಯಾರೆದುರಿಗೂ ಹೇಳಿರಲಿಲ್ಲ. ಅವ್ವನಿಗೂ ಇವರೇ ಫೋನ್ ಮಾಡಿ ಹೇಳಿದ್ದು. ಸೇಸಪ್ಪಣ್ಣ ವೀಸಾ ಫೋಟೊಗೆ ಬಂದ ಇಬ್ಬರಿಗೆ "ಬಾದ್ ಮೇ ಆವೊ" ಎಂದು ಹೇಳಿ ಕಳಿಸಿ, ಬಾಗಿಲು ಮುಂದೆ ಮಾಡಿದರು.

"ನಾನು ಬಂದು ತೆಗೆದು ಕೊಡ್ಲಾ?"

"ಬ್ಯಾಡ್ರಿ."

"ಸತ್ಯ ಹೇಳ್ತೇನೆ ಅಕ್ಕ, ಪರದೆಯದ್ದು ತೆಗೀಲಿಕ್ಕೆ ಆ ಸಣ್ಣದೇ ಸುಲಭ."

"ಸುಲಭದ್ದು ಬ್ಯಾಡ. ಅದು ಮೊದಲ ಪರದೆ ಮ್ಯಾಲಿನ ಚಿತ್ರ. ಅದನ್ನ ಮತ್ತ ಇನ್ನೊಂದು ಟಿವಿಯಾಗ ನೋಡೂದು ಬ್ಯಾಡ ನನಗ. ಒಂದ ಸಲ ಸೀದಾ ನೋಡ್ತೀನಿ."

ಇವರು ಗೋಡೆಯ ಮೇಲಿನ ಪಾಸ್‌ಪೋರ್ಟ್ ಅಳತೆಗಳ ಪಟ್ಟಿಯನ್ನು ಪರೀಕ್ಷೆಗೆ ಓದುವವರಂತೆ ಓದುತ್ತ ನಿಂತಿದ್ದರು.

ಆಮೇಲೆ ಪಾಠ. ಫೋನಿನ ಬೆಳಕು ಪೂರ್ತಿ ಏರಿಸಬೇಕು, ಕೋಣೆಯ ಪರದೆ ಎಳೆಯಬೇಕು. ಶಟರನ್ನು, ಅಂದರೆ ಬೆಳಕು ಬಿಡುವ ಬಾಗಿಲನ್ನು, ಬೇಗ ಮುಚ್ಚುವಂತೆ ಇಟ್ಟರೆ ಪಟ್ಟೆಪಟ್ಟೆ ಬರುತ್ತದೆ, ನಿಧಾನಕ್ಕಿಡಬೇಕು. ನಿಧಾನಕ್ಕಿಟ್ಟರೆ ಕೈ ಅಲುಗುತ್ತದೆ, ಹಾಗಾಗಿ ಕ್ಯಾಮರಾ ನಿಲ್ಲಿಸಲು ಮುಕ್ಕಾಲಿ. ಮುಕ್ಕಾಲಿಯನ್ನು ತಮ್ಮದನ್ನೇ ಕೊಟ್ಟು, "ಇದು ಮಾರುದಲ್ಲ, ಮತ್ತೆ ತಂದು ಕೊಡಿ" ಎಂದರು.

ಡಿಸೆಂಬರ್ ೧೭, ಮಂಗಳವಾರ

ಇವರ ಹೊಸ ಫೋನಿನ ಮೇಲೆ ಒಂದು ಬಾಳೆಹಣ್ಣಿನ ಚಿತ್ರ ತಂದು, ಅದರ ಫೋಟೊ ತೆಗೆದೆ. ಪಟ್ಟೆ. ಮತ್ತೆ ತೆಗೆದೆ. ಮಸುಕು. ಹನ್ನೊಂದು ಗಂಟೆಯ ಹೊತ್ತಿಗೆ ಬಾಳೆಹಣ್ಣು ಬಾಳೆಹಣ್ಣಿನ ಹಾಗೆ ಬಂತು. ಕಣ್ಣಿಟ್ಟು ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಕಿಟಕಿಯ ಬೆಳಕು ಗೋಡೆಯ ಮೇಲೆ ಮೆಲ್ಲಗೆ ಜರುಗುತ್ತದೆ, ದೂರದಲ್ಲಿ ಹಡಗು ಕಟ್ಟುವವರ ಸುತ್ತಿಗೆ. ಸಾರಿಗೆ ಉಪ್ಪು ಹಾಕಿರಲಿಲ್ಲ. ಹಾಕಿಕೊಂಡು ಉಂಡೆ, ಎರಡು ಸಲ ಬಡಿಸಿಕೊಂಡೆ.

ಡಿಸೆಂಬರ್ ೨೦, ಶುಕ್ರವಾರ

ಸ್ನಾನ ಮಾಡಿದೆವು. ಇವತ್ತು ನಾನೂ ಪೂಜೆಗೆ ಕೂತೆ. ಮೇ ತಿಂಗಳಿಂದ ಕರಡಿಗೆ ತೆರೆದಿರಲಿಲ್ಲ. ಇವರು ಸ್ವಲ್ಪ ಸರಿದು ಜಾಗ ಬಿಟ್ಟರು.

ಕಿಟಕಿಯ ಪರದೆ ಎಳೆದೆವು. ಫೋನನ್ನು ಡಬ್ಬಿಗೆ ಆನಿಸಿ ನಿಲ್ಲಿಸಿ, ಎದುರಿಗೆ ಮುಕ್ಕಾಲಿಯ ಮೇಲೆ ಕ್ಯಾಮರಾ ಇಟ್ಟೆವು. ನಾನು ಕಣ್ಣಿಟ್ಟು ಕೂತೆ. ಇವರು ಫೋನಿನ ಗುಂಡಿ ಒತ್ತಿದರು. ಬರಲಿಲ್ಲ. ಮತ್ತೆ ಒತ್ತಿದರು. ಬರಲಿಲ್ಲ. "ಒಂದ ಒಂದು ಸಲ, ಯಪ್ಪಾ" ಎಂದರು, ದೇವರಿಗೆ ಹೇಳಿದರೋ ಫೋನಿಗೆ ಹೇಳಿದರೋ.

ಬೆಳಗಿತು. ಬೆರಳಾಡಿಸಿ ಚಿತ್ರ ತಂದು ಕೈ ತೆಗೆದರು.

ಅವಳಿದ್ದಳು.

ನಿದ್ದೆ ಮಾಡುತ್ತಿದ್ದಳು, ಅಷ್ಟೇ. ಇವರ ಮೂಗು. ನಮ್ಮ ಅವ್ವನ ಅಗಲ ಹಣೆ, ಅದರ ಮೇಲೆ ವಿಭೂತಿಯ ಒಂದೇ ಗೆರೆ. ತಲೆ ತುಂಬ ಕೂದಲು. ನಾನು ಇಷ್ಟು ದಿನ ಏನೇನನ್ನೋ ಕಲ್ಪಿಸಿಕೊಂಡು ಹೆದರಿದ್ದೆ. ಹೆದರುವಂಥದು ಅವಳಲ್ಲಿ ಏನೂ ಇರಲಿಲ್ಲ. ಎಷ್ಟು ಚೆಂದ ಇದ್ದಳು!

ಕೊರಳಲ್ಲಿ ಬಿಳಿ ದಾರ. ದಾರದ ತುದಿಯಲ್ಲಿ ಎದೆಯ ಮೇಲೆ ಒಂದು ಪುಟ್ಟ ಚೀಲ, ಲಿಂಗದ್ದು. ನೀಲಿ ಚೌಕಳಿಯ ಬಟ್ಟೆ. ಸುತ್ತ ಸೊಟ್ಟಸೊಟ್ಟ ಹೊಲಿಗೆ, ಒಂದು ಉದ್ದ, ಒಂದು ಗಿಡ್ಡ, ಒಂದು ಕಡೆ ದಾರ ಗಂಟಾಗಿ ನಿಂತಿತ್ತು.

ನಾನು ಅವರಿಗೆ ಲಿಂಗವನ್ನು ಬರಿದೇ ತೆಗೆದು ಕೊಟ್ಟಿದ್ದೆ. ಕರಡಿಗೆ ನನ್ನ ಕೊರಳಲ್ಲೇ ಉಳಿದಿತ್ತು. ಕೂಸಿನ ಕೊರಳಿಗೆ ಕಟ್ಟಲು ಇವರ ಹತ್ತಿರ ಏನೂ ಇರಲಿಲ್ಲ.

"ಉಜ್ವಲಾ, ಆರತೈತಿ" ಎಂದರು.

ಒತ್ತಿದೆ. ಕನ್ನಡಿ ಟಳಕ್ಕೆಂದು ಮೇಲೆದ್ದಿತು. ಕತ್ತಲಾಯಿತು. ನಿಧಾನಕ್ಕಿಟ್ಟ ಶಟರ್, ಕತ್ತಲು ಒಂದು ಉಸಿರಿನಷ್ಟು ನಿಂತಿತು. ಆ ಕತ್ತಲಲ್ಲಿ ಪಕ್ಕದಲ್ಲಿ ಇವರು ಅಳುವುದು ಕೇಳಿಸಿತು. ಬಾಯಿ ಮುಚ್ಚಿಕೊಂಡು, ಕ್ಯಾಮರಾ ಅಲುಗೀತೆಂದು ಸದ್ದು ನುಂಗಿ ಅಳುತ್ತಿದ್ದರು. ಟಳಕ್. ಕನ್ನಡಿ ಇಳಿಯಿತು. ಅವಳು ಮತ್ತೆ ಕಂಡಳು. ನೋಡುತ್ತಿದ್ದ ಹಾಗೆಯೇ ಪರದೆ ಆರಿತು.

ಮತ್ತೆ ಎಷ್ಟು ಒತ್ತಿದರೂ ಹೊತ್ತಲಿಲ್ಲ. ಕ್ಯಾಮರಾದ ಬೆನ್ನಿನಲ್ಲಿ ನೋಡಿದೆವು. ಬಂದಿದ್ದಳು. ಮೂಗು, ಕೂದಲು, ವಿಭೂತಿ, ಚೀಲ, ಗಂಟು ಬಿದ್ದ ದಾರ, ಎಲ್ಲ ಸ್ಪಷ್ಟ.

"ಯಂತ್ರಕ್ಕ ಸಿಕ್ತು ಅಂದಿದ್ರಿ" ಎಂದೆ.

"ಹೆಂಗ ಹೇಳ್ಲಿ ನಿನಗ? ನೀ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ದಿ. ಆಕಿ ಬರೇ ಕೊರಳಾಗ ಹೋಗಬಾರ್ದು ಅನಿಸ್ತು. ದಸ್ತಿ ಇತ್ತು ಕಿಸೆದಾಗ. ಹೊಲಿಗಿ ಚಲೋ ಬರ್ಲಿಲ್ಲ." ಮತ್ತೆ ಅಂದರು, "ಚಲೋ ಬರ್ಲಿಲ್ಲ ಹೊಲಿಗಿ."

ಇವರ ತಲೆಯನ್ನು ಎದೆಗೆ ಒತ್ತಿಕೊಂಡೆ. ಇಬ್ಬರೂ ಅತ್ತೆವು. ಮಧ್ಯಾಹ್ನದ ತನಕ ಕಿಟಕಿಯ ಪರದೆ ತೆಗೆಯಲಿಲ್ಲ.

ಡಿಸೆಂಬರ್ ೩೦, ಸೋಮವಾರ. ಎಳ್ಳ ಅಮಾವಾಸ್ಯೆ

ಊರಿನಲ್ಲಾದರೆ ಇವತ್ತು ಎಲ್ಲರೂ ಹೊಲದಲ್ಲಿ. ಇವರು ರಜೆ ಹಾಕಿದರು. ಬೆಳಿಗ್ಗೆ ಎದ್ದು ಸಜ್ಜೆ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹೋಳಿಗೆ ಮಾಡಿದೆ. ರೆನಿಟಾಕ್ಕನ ಮನೆಗೆ ನಾನೇ ಇಳಿದು ಹೋಗಿ ಕೊಟ್ಟು ಬಂದೆ. ಮುಕ್ಕಾಲಿಯ ಜೊತೆ ಸೇಸಪ್ಪಣ್ಣನಿಗೂ ಒಂದು ಡಬ್ಬಿ.

ಖಾರಿಯ ದಂಡೆಯ ಮರಳಿನಲ್ಲಿ ಕೂತು ಉಂಡೆವು. ಹೊಲವಿಲ್ಲದ್ದಕ್ಕೆ ಒಂದು ತುತ್ತನ್ನು ಇವರು ಸಮುದ್ರದ ಕಡೆಗೇ ಚರಗ ಚೆಲ್ಲಿದರು. ಭೂತಾಯಿಯ ಬದಲು ಮೀನುಗಳು ಉಂಡವು. ನೀರು ಏರುತ್ತಿತ್ತು. ಮಗ್ಗುಲಾಗಿ ಮಲಗಿದ್ದ ಆ ಹಳೆಯ ಹಡಗು ಎಚ್ಚರವಾದಂತೆ ಮೆಲ್ಲಗೆ ನೆಟ್ಟಗಾಗುತ್ತಿತ್ತು. ಕ್ಯಾಮರಾ ಹೊರಗೆ ತೆಗೆದೆ.

"ಹಡಗದೇನು?" ಎಂದರು.

"ಅಲ್ಲ, ನಿಮ್ದು. ಅಲ್ಲೇ ಕೂಡ್ರಿ."

ಬಾಯಿಗೆ ಮೆತ್ತಿದ ಹೋಳಿಗೆಯನ್ನು ಅವಸರದಿಂದ ಒರೆಸಿಕೊಂಡು, ದಸ್ತಿಯ ಕತ್ತರಿಸಿದ ಮೂಲೆಯನ್ನು ಒಳಗೆ ಮಡಚತೊಡಗಿದರು. ನಾನು ಆಗಲೇ ಕಣ್ಣಿಟ್ಟಿದ್ದೆ.

"ಮಡಚಬ್ಯಾಡ್ರಿ" ಎಂದೆ. "ಕಾಣ್ಲಿ."